ಎರಡು ಗಾಲಿಗಳ ಮೇಲೊಂದು ಮನೆ

ಊರು ಬಿಟ್ಟು ಹೊರಡುವವನು ಬುತ್ತಿ ಕಟ್ಟಿಕೊಳ್ಳುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. ಕಾಲ್ನಡಿಗೆಯ ಯಾತ್ರಿಕನಿಗೆ ಹೆಗಲ ಮೇಲಿನ ಗಂಟೇ ಮನೆಯಾಗಿತ್ತು. ಎತ್ತಿನ ಗಾಡಿಯಲ್ಲಿ ಹೊರಟವನು ಹಾಸಿಗೆ, ಪಾತ್ರೆ, ಅಕ್ಕಿ, ಬೇಳೆಗಳನ್ನೆಲ್ಲ ಹೇರಿಕೊಂಡು ಹೋಗುತ್ತಿದ್ದನು. ಒಂದು ಮೂಟೆ ಹೆಚ್ಚಾದರೆ ಎತ್ತುಗಳು ನಿಧಾನವಾಗಿ ನಡೆಯುತ್ತಿದ್ದುವೇ ಹೊರತು ಗಾಡಿ ಮಗುಚಿ ಬೀಳುತ್ತಿರಲಿಲ್ಲ. ಮೋಟಾರ್ ಸೈಕಲ್ಲಿನ ಸಂಗತಿ ಹಾಗಲ್ಲ. ಅದು ಓಡುತ್ತಿರುವಷ್ಟು ಹೊತ್ತು ಮಾತ್ರ ತಾನಾಗಿ ನೆಟ್ಟಗೆ ನಿಲ್ಲಬಲ್ಲ ವಾಹನ. ಅಂತಹ ವಾಹನದ ಮೇಲೆ ಗುಡಾರ, ಹಾಸಿಗೆ, ಒಲೆ, ಆಹಾರ, ಉಡುಪು, ಉಪಕರಣಗಳೆಂಬ ಒಂದು ಪುಟ್ಟ ಸಂಸಾರವನ್ನೇ ಹೇರಿಕೊಂಡು, ಹೊತ್ತು ಮುಳುಗಿದಲ್ಲಿ ಬಿಡಾರ ಹೂಡಿ, ಮುಂಜಾನೆ ಮತ್ತೆ ಮುಂದೆ ಸಾಗುವ ಹವ್ಯಾಸ ನಮ್ಮ ತರುಣ ತರುಣಿಯರಲ್ಲಿ ಬೆಳೆಯುತ್ತಿದೆ.

ಏನೇನನ್ನು ಒಯ್ಯಬೇಕೆಂಬ ಪಟ್ಟಿಯನ್ನು ಯಾರು ಬೇಕಾದರೂ ಬರೆದುಕೊಡಬಹುದು. ಎಷ್ಟನ್ನು ಒಯ್ಯಬೇಕು, ಅದನ್ನು ಎಲ್ಲಿ ಕಟ್ಟಬೇಕು, ಅಲ್ಲಿಯೇ ಏಕೆ ಕಟ್ಟಬೇಕು ಎಂಬ ಪ್ರಶ್ನೆಗಳಿಗೆ ಮಾತ್ರ ಪಟ್ಟಿ ಉತ್ತರ ಕೊಡಲಾರದು. ಅವಕ್ಕೆ ಉತ್ತರ ಕೊಡುವುದು ಶಾಲೆಯಲ್ಲಿ ನಾವೆಲ್ಲ ಓದಿ ಮರೆತಿರುವ ಭೌತಶಾಸ್ತ್ರ. ಈ ವಿದ್ಯೆ ತೀರ ಹೊಸದೂ ಅಲ್ಲ. ಥಾಮಸ್ ಹೈರಮ್ ಹೋಲ್ಡಿಂಗ್ ಎಂಬ ಲಂಡನ್ನಿನ ದರ್ಜಿಯೊಬ್ಬನು ತುಳಿಯುವ ಸೈಕಲ್ಲಿನ ಮೇಲೆಯೇ ಗುಡಾರವನ್ನು ಕಟ್ಟಿಕೊಂಡು ದೇಶ ಸುತ್ತಿ, 1901ರಲ್ಲಿ ಅಂತಹ ಸವಾರರ ಸಂಘವೊಂದು ಹುಟ್ಟಲು ಕಾರಣನಾದನು. 1908ರಲ್ಲಿ ಬಿಡಾರದ ಬದುಕಿಗೆ ಒಂದು ಕೈಪಿಡಿಯನ್ನೂ ಬರೆದನು. ಕಾಲಿನ ಬಲದಿಂದಲೇ ಸಾಗಬೇಕಾಗಿದ್ದ ಅವನಿಗೆ ಪ್ರತಿಯೊಂದು ತೊಲದ ಲೆಕ್ಕವೂ ತಿಳಿದಿತ್ತು. ಎಂಜಿನ್ ಬಂದ ಮೇಲೆ ಸವಾರನು ಆ ಲೆಕ್ಕವನ್ನು ಮರೆತನು. ನಿಸರ್ಗ ಮಾತ್ರ ಮರೆತಿಲ್ಲ.

ದಾರಿಯ ಸ್ವರೂಪ

ಮಾತು ಬರಿಯ ಸೂತ್ರಗಳಲ್ಲಿಯೇ ಉಳಿಯದಂತೆ ಒಂದು ನಿಜವಾದ ದಾರಿಯನ್ನು ಎದುರಿಗಿಟ್ಟುಕೊಳ್ಳೋಣ. ಹಿಮಾಚಲ ಪ್ರದೇಶದ ಮನಾಲಿಯಿಂದ ಲಡಾಖಿನ ಲೇಹ್ ಪಟ್ಟಣಕ್ಕೆ ಹೋಗುವ ಹೆದ್ದಾರಿಯು ನಾನೂರಕ್ಕೂ ಹೆಚ್ಚು ಕಿಲೋಮೀಟರು ಉದ್ದವಿದೆ. ಚಳಿಗಾಲದಲ್ಲಿ ಹಿಮ ಮುಚ್ಚಿ, ಬೇಸಗೆಯಲ್ಲಿ ತೆರೆಯುವ ಈ ದಾರಿಯನ್ನು ಹಿಡಿದು ಪ್ರತಿವರ್ಷವೂ ಕರ್ನಾಟಕದಿಂದ ಅನೇಕ ಸವಾರರು ಹೋಗುತ್ತಾರೆ. ಮನಾಲಿ ಸಮುದ್ರಮಟ್ಟದಿಂದ ಸುಮಾರು 2,050 ಮೀಟರು ಎತ್ತರದಲ್ಲಿದೆ. 2020ರ ಅಕ್ಟೋಬರಿನಲ್ಲಿ ತೆರೆಯಲಾದ 9 ಕಿಲೋಮೀಟರು ಉದ್ದದ ಅಟಲ್ ಸುರಂಗವನ್ನು ಹೊಕ್ಕು ಹೊರಬಿದ್ದರೆ ಲಾಹುಲ್ ಕಣಿವೆ. ಅಲ್ಲಿಂದ ಮುಂದೆ ಬಾರಾಲಾಚಾ ಲಾ, ಲಾಚುಲುಂಗ್ ಲಾ ಮುಂತಾದ ಕಣಿವೆಮಾರ್ಗಗಳನ್ನು ದಾಟಿ, ಕೊನೆಗೆ 5,328 ಮೀಟರು ಎತ್ತರದ ತಂಗ್‌ಲಾಂಗ್ ಲಾ ಎಂಬ ಘಟ್ಟವನ್ನೇರಿ, 3,500 ಮೀಟರು ಎತ್ತರದ ಲೇಹ್‌ಗೆ ಇಳಿಯಬೇಕು. ಬಿಸಿಲು, ಹಿಮದ ನೀರು ಹರಿಯುವ ತೊರೆ, ಮರಳು, ಜಲ್ಲಿ, ಕೊರೆಯುವ ಚಳಿ, ತೆಳುವಾದ ಗಾಳಿ ಇವೆಲ್ಲ ಒಂದೇ ದಾರಿಯಲ್ಲಿ ಎದುರಾಗುವುದರಿಂದ ಸಿದ್ಧತೆಯ ಒಳ್ಳೆಯದು ಕೆಟ್ಟದ್ದೆಲ್ಲ ಇಲ್ಲಿ ಬಯಲಾಗುತ್ತದೆ. ಇಲ್ಲಿ ಸಲ್ಲುವ ಕಟ್ಟು ಕೊಡಗಿನಲ್ಲಿಯೂ ಬಿಳಿಗಿರಿಯ ತಪ್ಪಲಿನಲ್ಲಿಯೂ ಸಲ್ಲುತ್ತದೆ.

ಎಷ್ಟು ಭಾರ?

ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆ ಮೊದಲು ಅನ್ವಯಿಸುವುದು ಇಲ್ಲಿಯೇ. ಪ್ರತಿಯೊಂದು ಮೋಟಾರ್ ಸೈಕಲ್ಲಿನ ಕೈಪಿಡಿಯಲ್ಲಿಯೂ ಅದು ತಡೆಯಬಲ್ಲ ಒಟ್ಟು ತೂಕದ ಮಿತಿಯನ್ನು ಹೇಳಿರುತ್ತಾರೆ. ವಾಹನ, ಪೆಟ್ರೋಲು, ಸವಾರ, ಹಿಂದೆ ಕುಳಿತವರು, ಸಾಮಾನು ಎಲ್ಲವೂ ಆ ಮಿತಿಯೊಳಗೆ ಅಡಗಬೇಕು. ಉದಾಹರಣೆಗೆ, ಮಿತಿ 380 ಕಿಲೋಗ್ರಾಂ ಎಂದೂ ತುಂಬಿದ ಟ್ಯಾಂಕಿನೊಡನೆ ವಾಹನದ ತೂಕ 195 ಕಿಲೋಗ್ರಾಂ ಎಂದೂ ಇಟ್ಟುಕೊಳ್ಳೋಣ. ಉಳಿದುದು 185. ಶಿರಸ್ತ್ರಾಣ, ಬೂಟು, ದಪ್ಪ ಅಂಗಿಗಳೊಡನೆ ಸವಾರನದು 80. ಹಿಂದೆ ಕುಳಿತವರದು 70. ಇನ್ನು 35 ಉಳಿಯಿತು. ಸಾಮಾನು ಕಟ್ಟುವ ಉಕ್ಕಿನ ಚೌಕಟ್ಟು ಮತ್ತು ಬರಿಯ ಚೀಲಗಳೇ 12 ಕಿಲೋಗ್ರಾಂ ತೂಗಿದರೆ, ಇಬ್ಬರ ಸಂಸಾರಕ್ಕೆ ಉಳಿಯುವುದು ಕೇವಲ 23 ಕಿಲೋಗ್ರಾಂ! ಈ ಲೆಕ್ಕವನ್ನು ಮಾಡದೆ ಹೊರಟವರು ತಮಗೆ ಅರಿವಿಲ್ಲದೆಯೇ ಟಯರು, ಬ್ರೇಕು, ಸ್ಪ್ರಿಂಗುಗಳಿಗೆ ಸಾಮರ್ಥ್ಯ ಮೀರಿದ ಕೆಲಸವನ್ನು ಹೊರಿಸಿರುತ್ತಾರೆ.

ಒಬ್ಬನೇ ಹೊರಟವನಿಗೆ ಅವಕಾಶ ಹೆಚ್ಚು. ಗುಡಾರ 3, ಮಲಗುವ ಚೀಲ ಮತ್ತು ಚಾಪೆ 2, ಒಲೆ ಪಾತ್ರೆ ಇಂಧನ ಒಂದೂವರೆ, ನೀರು 3, ಹೆಚ್ಚಿನ ಪೆಟ್ರೋಲು ಸುಮಾರು 4, ಉಪಕರಣಗಳು 3, ಬಟ್ಟೆ 4, ಆಹಾರ 3, ಔಷಧಿ ಅರ್ಧ ಕಿಲೋಗ್ರಾಂ. ಒಟ್ಟು ಸುಮಾರು 24. ಬೇರೆ ಬೇರೆಯಾಗಿ ಕೈಗೆತ್ತಿಕೊಂಡರೆ ಯಾವ ವಸ್ತುವೂ ಭಾರವೆನಿಸುವುದಿಲ್ಲ, ಭಾರವಾಗುವುದು ಮೊತ್ತ. ಆದುದರಿಂದ ತಕ್ಕಡಿಯೇ ಪ್ರವಾಸಿಯ ಮೊದಲನೆಯ ಉಪಕರಣ.

ಭಾರ ಎಲ್ಲಿರಬೇಕು?

ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ಒಂದೊಂದು ವೇಳೆ ಹೆಚ್ಚು ಮುಖ್ಯವಾಗುತ್ತದೆ. ಹಿಂದಿನ ಕಾಲದಲ್ಲಿ ಉಪ್ಪು, ಧಾನ್ಯಗಳನ್ನು ಸಾಗಿಸುತ್ತಿದ್ದ ಹೇರೆತ್ತುಗಳ ಬೆನ್ನ ಮೇಲೆ ಹಸುಬೆಯನ್ನು ಇಳಿಬಿಡುತ್ತಿದ್ದರು. ಎರಡೂ ಪಕ್ಕಗಳಲ್ಲಿ ಸಮತೂಕವಾಗಿ ತೂಗುವ ಜೋಡಿಚೀಲವೇ ಹಸುಬೆ. ಮೋಟಾರ್ ಸೈಕಲ್ಲಿನ ಪಕ್ಕದ ಚೀಲಗಳು ಅದರ ಮರಿಮಕ್ಕಳೇ. ಹೇರೆತ್ತಿನವರು ಅನುಭವದಿಂದ ಕಂಡುಕೊಂಡ ನಿಯಮವೇ ಇಲ್ಲಿಯೂ ಸಲ್ಲುತ್ತದೆ: ಎಡಬಲಗಳ ತೂಕ ಸಮವಾಗಿರಬೇಕು, ಭಾರವಾದುದು ಕೆಳಗೂ ಮೈಗೆ ಹತ್ತಿರವೂ ಇರಬೇಕು.

ಇದಕ್ಕೆ ಕಾರಣವನ್ನು ಸನ್ನೆಕೋಲಿನ ತತ್ತ್ವ ತಿಳಿಸುತ್ತದೆ. ಮುಂದಿನ ಹಿಂದಿನ ಗಾಲಿಗಳ ಅಚ್ಚುಗಳ ನಡುವಣ ದೂರ 140 ಸೆಂಟಿಮೀಟರು ಎಂದುಕೊಳ್ಳೋಣ. ಹಿಂದಿನ ಅಚ್ಚಿನಿಂದ 35 ಸೆಂಟಿಮೀಟರು ಹಿಂದಕ್ಕೆ, ಬಾಲದಂತೆ, 20 ಕಿಲೋಗ್ರಾಂ ತೂಕದ ಗಂಟೊಂದನ್ನು ಕಟ್ಟಿದೆವು. ಆಗ ಹಿಂದಿನ ಗಾಲಿಯ ಮೇಲೆ ಬೀಳುವ ಹೆಚ್ಚಿನ ಭಾರ 20 ಅಲ್ಲ, 25 ಕಿಲೋಗ್ರಾಂ. ಹೆಚ್ಚಾದ ಆ 5 ಕಿಲೋಗ್ರಾಂ ಎಲ್ಲಿಂದ ಬಂದಿತು? ಮುಂದಿನ ಗಾಲಿಯಿಂದ! ದಾರಿ ತೋರಿಸಬೇಕಾದ ಗಾಲಿ ಅಷ್ಟರಮಟ್ಟಿಗೆ ನೆಲದ ಮೇಲಿನ ಹಿಡಿತವನ್ನು ಕಳೆದುಕೊಂಡಿತು. ಏರುದಾರಿಯಲ್ಲಿ ಭಾರ ಸ್ವಭಾವತಃ ಹಿಂದಕ್ಕೆ ಜಾರುವುದರಿಂದ ಈ ಕೊರತೆ ಇನ್ನೂ ಹೆಚ್ಚುತ್ತದೆ. ಜಲ್ಲಿಯ ಮೇಲೆ ಹ್ಯಾಂಡಲ್ ತೇಲಿದಂತಾಗುವುದು, ವೇಗ ಹೆಚ್ಚಿದಾಗ ವಾಹನವು ಹಾವಿನಂತೆ ಹೊರಳಾಡುವುದು ಇವೆಲ್ಲಕ್ಕೂ ಬಾಲದ ಭಾರ ಒಂದು ಮುಖ್ಯ ಕಾರಣ.

ಇನ್ನೊಂದು ತತ್ತ್ವವೂ ಇದೆ. ತಲೆಯ ಮೇಲೆ ಕೊಡವನ್ನಿಟ್ಟುಕೊಂಡವಳು ನಿಂತಲ್ಲಿಯೇ ಸುಲಭವಾಗಿ ತಿರುಗಬಲ್ಲಳು; ಉದ್ದವಾದ ಅಡ್ಡೆಯ ಎರಡು ತುದಿಗಳಲ್ಲಿ ಅಷ್ಟೇ ಭಾರವನ್ನು ತೂಗುಹಾಕಿಕೊಂಡವನು ತಟ್ಟನೆ ತಿರುಗಲಾರ; ತಿರುಗಿದರೆ ತಟ್ಟನೆ ನಿಲ್ಲಲಾರ. ತೂಕ ಒಂದೇ ಆದರೂ ತಿರುಗುವ ಅಕ್ಷದಿಂದ ಅದರ ದೂರ ಎರಡರಷ್ಟಾದರೆ ತಿರುಗುವಿಕೆಗೆ ಅದು ಒಡ್ಡುವ ಜಡತ್ವ ನಾಲ್ಕರಷ್ಟಾಗುತ್ತದೆ. ತಿರುವುಮುರುವಾದ ಘಟ್ಟದಲ್ಲಿ ಕ್ಷಣಕ್ಷಣಕ್ಕೂ ಎಡಬಲಗಳಿಗೆ ವಾಲಬೇಕಾದ ವಾಹನಕ್ಕೆ ಎತ್ತರದಲ್ಲಿಯೂ ದೂರದಲ್ಲಿಯೂ ಕಟ್ಟಿದ ಭಾರ ಅಡ್ಡೆಯಾಗುತ್ತದೆ.

ಆದುದರಿಂದ ನೀರು, ಉಪಕರಣ, ಪಾತ್ರೆ, ಆಹಾರಗಳು ಪಕ್ಕದ ಚೀಲಗಳ ತಳದಲ್ಲಿ, ಆದಷ್ಟು ಮುಂದಕ್ಕೆ ಇರತಕ್ಕದ್ದು. ಗಾತ್ರ ದೊಡ್ಡದಾದರೂ ತೂಕ ಕಡಮೆಯಾದ ಮಲಗುವ ಚೀಲ, ಬೆಚ್ಚನೆಯ ಬಟ್ಟೆಗಳು ಆಸನದ ಮೇಲೆ ಅಡ್ಡಲಾಗಿರಬಹುದು. ಭಾರ ಬಿದ್ದಾಗ ಹಿಂದಿನ ಸ್ಪ್ರಿಂಗು ಕುಗ್ಗಿ, ರಾತ್ರಿ ಮುಂದೀಪವು ರಸ್ತೆಯನ್ನು ಬಿಟ್ಟು ಮರದ ತುದಿಯನ್ನು ಬೆಳಗುತ್ತದೆ. ಸ್ಪ್ರಿಂಗನ್ನು ಬಿಗಿಗೊಳಿಸಿ, ದೀಪವನ್ನು ತಗ್ಗಿಸಿ, ಟಯರಿನ ಗಾಳಿಯನ್ನು ಕೈಪಿಡಿಯಲ್ಲಿ ತುಂಬುಭಾರಕ್ಕೆಂದು ಹೇಳಿರುವಷ್ಟಕ್ಕೆ ಏರಿಸುವುದು ಹೊರಡುವ ಮುನ್ನವೇ ಆಗಬೇಕಾದ ಕೆಲಸ.

ಕಟ್ಟುವ ಕ್ರಮ

ಕಟ್ಟಲು ರಬ್ಬರಿನ ಹಗ್ಗಕ್ಕಿಂತ ಹಿಗ್ಗದ ಪಟ್ಟಿ ಮೇಲು. ರಬ್ಬರು ಹಿಗ್ಗುತ್ತದೆಯಾದ್ದರಿಂದ ಪ್ರತಿಯೊಂದು ಹಳ್ಳದಲ್ಲಿಯೂ ಗಂಟು ಕುಣಿಯಲು ಅದು ಅವಕಾಶ ಕೊಡುತ್ತದೆ. ಪಟ್ಟಿಯ ತುದಿಯನ್ನು ಮಾತ್ರ ಎಂದಿಗೂ ಜೋತಾಡಲು ಬಿಡಕೂಡದು. ಅದು ಸರಪಣಿಗೋ ಗಾಲಿಯ ಕಡ್ಡಿಗಳಿಗೋ ಸಿಕ್ಕಿಕೊಂಡರೆ ಓಡುವ ಗಾಲಿ ಕ್ಷಣಾರ್ಧದಲ್ಲಿ ಸ್ತಬ್ಧವಾಗಬಹುದು. ಬಟ್ಟೆ, ಬತ್ತಿ, ಪುಡಿಗಳೆಲ್ಲ ಅದುರಿಗೆ ಕುಗ್ಗಿ ಜಾಗ ಬಿಡುವುದರಿಂದ ಎಷ್ಟೇ ಬಿಗಿಯಾಗಿ ಕಟ್ಟಿದರೂ ಮೊದಲ ಇಪ್ಪತ್ತು ಕಿಲೋಮೀಟರು ಸಾಗಿದ ಬಳಿಕ ನಿಂತು ಮತ್ತೊಮ್ಮೆ ಬಿಗಿಯಬೇಕು. ಲೋಹದ ಪಾತ್ರೆಗಳ ನಡುವೆ ಬಟ್ಟೆಯನ್ನು ತುರುಕದಿದ್ದರೆ ಅವು ಒಂದನ್ನೊಂದು ಉಜ್ಜಿ, ಸಂಜೆಯ ಹೊತ್ತಿಗೆ ಚೀಲದ ತುಂಬ ಬೂದುಬಣ್ಣದ ಲೋಹದ ಪುಡಿ ಕಾಣಿಸುತ್ತದೆ.

ಮಳೆಯಂಗಿ, ಔಷಧಿ, ಗಾಳಿ ತುಂಬುವ ಪಂಪು ಇವು ಕೈಹಾಕಿದ ಕೂಡಲೇ ಸಿಗುವಂತಿರಬೇಕು. ಗುಡಾರವು ಉಳಿದ ಗಂಟುಗಳನ್ನು ಬಿಚ್ಚದೆಯೇ ಹೊರಗೆ ಬರುವಂತಿರಬೇಕು. ಮಳೆಯಲ್ಲಿ ಬಿಡಾರ ಹೂಡುವವನಿಗೆ ಮೊದಲು ಬೇಕಾದುದು ಸೂರು. ಮಲಗುವ ಚೀಲವನ್ನೂ ಒಂದು ಜೊತೆ ಒಣಬಟ್ಟೆಯನ್ನೂ ನೀರು ಹೋಗದ ಚೀಲದಲ್ಲಿಟ್ಟು, ಆ ಚೀಲವನ್ನು ಮತ್ತೊಂದರಲ್ಲಿ ಇಡತಕ್ಕದ್ದು. ಒದ್ದೆಯಾದ ಹಾಸಿಗೆ ಮಲೆನಾಡಿನಲ್ಲಿ ಬರಿಯ ತೊಂದರೆ, ಹಿಮಾಲಯದಲ್ಲಿ ಅಪಾಯ.

ತೆಳುಗಾಳಿಯಲ್ಲಿ ಯಂತ್ರ

ಎತ್ತರಕ್ಕೆ ಏರಿದಂತೆಲ್ಲ ಗಾಳಿಯ ಒತ್ತಡ ಇಳಿಯುತ್ತದೆ. ತಂಗ್‌ಲಾಂಗ್ ಲಾ ಘಟ್ಟದ ತುದಿಯಲ್ಲಿ ಅದು ಸಮುದ್ರಮಟ್ಟದ ಒತ್ತಡದ ಅರ್ಧಕ್ಕಿಂತ ತುಸುವೇ ಹೆಚ್ಚು. ಎಂಜಿನ್ನು ಪ್ರತಿಯೊಂದು ಉಸಿರಿನಲ್ಲಿಯೂ ಅಷ್ಟೇ ಗಾತ್ರದ ಗಾಳಿಯನ್ನು ಎಳೆದುಕೊಂಡರೂ ಅದರಲ್ಲಿರುವ ಆಮ್ಲಜನಕ ಹೆಚ್ಚುಕಡಮೆ ಅರ್ಧ. ಹುಟ್ಟುವ ಶಕ್ತಿಯೂ ಅದಕ್ಕೆ ತಕ್ಕಂತೆ ಕುಂದುತ್ತದೆ. ಹಳೆಯ ಕಾರ್ಬೊರೇಟರಿನ ವಾಹನಗಳಲ್ಲಿ ಗಾಳಿ ಕಡಮೆಯಾದರೂ ಪೆಟ್ರೋಲು ಅದಕ್ಕೆ ತಕ್ಕಷ್ಟು ಇಳಿಯದೆ, ಎಂಜಿನ್ನು ಕಪ್ಪು ಹೊಗೆಯುಗುಳಿ ಮುಗ್ಗರಿಸುತ್ತಿತ್ತು. ಈಗಿನ ಇಂಧನ ಚಿಮ್ಮಿಸುವ ಯಂತ್ರಗಳು ಗಾಳಿಯ ಒತ್ತಡವನ್ನು ಅಳೆದು ಪೆಟ್ರೋಲನ್ನು ಹದಗೊಳಿಸುತ್ತವೆ. ಆದರೆ ಇಲ್ಲದ ಗಾಳಿಯನ್ನು ಅವೂ ಹುಟ್ಟಿಸಲಾರವು. ಊರಿನ ರಸ್ತೆಯಲ್ಲಿ ಲೆಕ್ಕಕ್ಕೆ ಬಾರದಿದ್ದ ಹತ್ತು ಕಿಲೋಗ್ರಾಂ ಘಟ್ಟದ ಕಡಿದಾದ ತಿರುವಿನಲ್ಲಿ ಮೊದಲನೆಯ ಗೇರನ್ನು ಕೇಳುತ್ತದೆ.

ಟಯರಿನಲ್ಲಿ ಒಂದು ಸೋಜಿಗವುಂಟು. ಹೊರಗಿನ ಒತ್ತಡ ಇಳಿಯುವುದರಿಂದ, ಮನಾಲಿಯಲ್ಲಿ ತುಂಬಿದ ಟಯರು ತಂಗ್‌ಲಾಂಗ್ ಲಾದಲ್ಲಿ ಚದರ ಅಂಗುಲಕ್ಕೆ ನಾಲ್ಕು ಪೌಂಡಿನಷ್ಟು ಹೆಚ್ಚು ತೋರಿಸಬೇಕು. ಆದರೆ ಅಲ್ಲಿಯ ಚಳಿಗೆ ಒಳಗಿನ ಗಾಳಿ ಕುಗ್ಗಿ, ಉಷ್ಣತೆ 20 ಡಿಗ್ರಿ ಇಳಿದರೆ ಸುಮಾರು ಮೂರು ಪೌಂಡು ಕಡಮೆಯಾಗುತ್ತದೆ. ಒಂದು ಏರಿಸಿದುದನ್ನು ಇನ್ನೊಂದು ಬಹುಮಟ್ಟಿಗೆ ಇಳಿಸುವುದರಿಂದ ಘಟ್ಟದ ಮೇಲೆ ಗಾಳಿ ಬಿಡುವ ಗೋಜಿಗೆ ಹೋಗದೆ, ಪ್ರತಿದಿನ ಮುಂಜಾನೆ ಟಯರು ತಣ್ಣಗಿರುವಾಗ ಅಳೆದುಕೊಂಡರೆ ಸಾಕು.

ಪೆಟ್ರೋಲಿನ ಲೆಕ್ಕ ಇನ್ನೂ ಬಿಗಿಯಾದುದು. ಲಾಹುಲಿನ ತಾಂಡಿ ಎಂಬಲ್ಲಿರುವ ಬಂಕಿನಲ್ಲಿ, ಮುಂದಿನ ಬಂಕು 365 ಕಿಲೋಮೀಟರು ದೂರದಲ್ಲಿದೆಯೆಂದು ಎಚ್ಚರಿಸುವ ಫಲಕ ಸವಾರರಲ್ಲೆಲ್ಲ ಪ್ರಸಿದ್ಧವಾದುದು. 15 ಲೀಟರಿನ ಟ್ಯಾಂಕು ಲೀಟರಿಗೆ 25 ಕಿಲೋಮೀಟರಿನಂತೆ 375 ಕಿಲೋಮೀಟರು ಒಯ್ಯಬಲ್ಲುದು. ಹತ್ತೇ ಕಿಲೋಮೀಟರಿನ ಮಿಗಿತವನ್ನು ನೆಚ್ಚಿ ಯಾವ ವಿವೇಕಿಯೂ ಹೊರಡಲಾರ. ಐದು ಲೀಟರು ಹೆಚ್ಚಿನ ಪೆಟ್ರೋಲು ಸುಮಾರು 3.7 ಕಿಲೋಗ್ರಾಂ ತೂಗುತ್ತದೆ, ಹೊರಲೇಬೇಕಾದ ಭಾರವಿದು. ಇಂಧನಕ್ಕಾಗಿಯೇ ಮಾಡಿದ ಭದ್ರವಾದ ಡಬ್ಬಿಯಲ್ಲಿ, ಬಾಯಿಯವರೆಗೆ ತುಂಬದೆ, ಹೊಗೆಕೊಳವೆಯಿಂದ ದೂರವಾಗಿ ಅದನ್ನು ಕಟ್ಟಬೇಕು. ಬಿಸಿಲೇರಿದಂತೆ ಪೆಟ್ರೋಲು ಹಿಗ್ಗುತ್ತದೆ. ಎತ್ತರ ಏರಿದಂತೆ ಅದರ ಆವಿ ಡಬ್ಬಿಯನ್ನು ಉಬ್ಬಿಸುತ್ತದೆ. ಎರಡಕ್ಕೂ ಒಳಗೆ ಎಡೆಯಿರಬೇಕು.

ನೆಲದ ಚಳಿ, ಆಕಾಶದ ಚಳಿ

ಬಿಡಾರ ಹೂಡಿದವನು ಚಳಿ ಗಾಳಿಯಿಂದ ಬರುತ್ತದೆಂದು ತಿಳಿದು ಮೇಲೆ ಹೊದ್ದುಕೊಳ್ಳುತ್ತಾನೆ. ನಿಜವಾಗಿ ಅವನ ಮೈಯ ಬಿಸಿಯನ್ನು ಹೆಚ್ಚಾಗಿ ಕದಿಯುವ ಕಳ್ಳ ಕೆಳಗಿದ್ದಾನೆ. ಮಲಗುವ ಚೀಲದಲ್ಲಿರುವ ಗರಿ ಅಥವಾ ನೂಲು ತಾನಾಗಿ ಬೆಚ್ಚಗಿಲ್ಲ. ಅದರ ನಡುವೆ ಅಲುಗಾಡದೆ ನಿಂತ ಗಾಳಿಯೇ ಬಿಸಿಯನ್ನು ತಡೆಯುವುದು. ಮಲಗಿದವನ ಮೈಭಾರಕ್ಕೆ ಬೆನ್ನಿನ ಕೆಳಗಿನ ಗರಿಗಳು ಅಪ್ಪಚ್ಚಿಯಾಗಿ ಆ ಗಾಳಿ ಹೊರಟುಹೋಗುತ್ತದೆ. ಆಗ ಮೈಗೂ ತಣ್ಣನೆಯ ನೆಲಕ್ಕೂ ನಡುವೆ ಉಳಿಯುವುದು ಎರಡು ಪದರ ಬಟ್ಟೆ ಮಾತ್ರ. ಗಾಳಿಯ ಗುಳ್ಳೆಗಳಿಂದ ತುಂಬಿದ, ಅದುಮಿದರೂ ಕುಗ್ಗದ ಚಾಪೆ ಇದಕ್ಕೆ ಪರಿಹಾರ. ಅರ್ಧ ಕಿಲೋಗ್ರಾಂ ತೂಕದ ಒಳ್ಳೆಯ ಚಾಪೆ ಎರಡು ಕಂಬಳಿಗಳ ಕೆಲಸವನ್ನು ಮಾಡುತ್ತದೆ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬಿಸಿಯನ್ನು ಸಾಗಿಸುವುದರಿಂದ ಬೆವರಿದ ಬಟ್ಟೆಯಲ್ಲಿಯೇ ಮಲಗುವವನು ತನ್ನ ಹಾಸಿಗೆಯನ್ನು ತಾನೇ ತಣ್ಣಗೆ ಮಾಡಿಕೊಂಡಂತೆ.

ಎರಡನೆಯ ಕಳ್ಳ ಆಕಾಶ. ನಿರ್ಮಲವಾದ ರಾತ್ರಿಯಲ್ಲಿ ಎಲ್ಲ ವಸ್ತುಗಳೂ ತಮ್ಮ ಶಾಖವನ್ನು ಕಿರಣರೂಪದಲ್ಲಿ ಆಕಾಶಕ್ಕೆ ಚೆಲ್ಲಿ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯನು 1814ರಲ್ಲಿ ಇಬ್ಬನಿಯ ಹುಟ್ಟನ್ನು ವಿವರಿಸಿದುದು ಈ ತತ್ತ್ವದಿಂದಲೇ. ಬಯಲಿನಲ್ಲಿ ಹೂಡಿದ ಗುಡಾರದ ಮೇಲ್ಬಟ್ಟೆಯೂ ಹೀಗೆಯೇ ತಣ್ಣಗಾಗುತ್ತದೆ. ಒಳಗೆ ಮಲಗಿದವರ ಉಸಿರಿನ ಆವಿ ಅದಕ್ಕೆ ತಾಗಿ ಹನಿಗಟ್ಟಿ, ಮುಂಜಾನೆ ಮಳೆಯಂತೆ ತೊಟ್ಟಿಕ್ಕುತ್ತದೆ. ಗುಡಾರ ಸೋರಿತೆಂದು ಅಂಗಡಿಯವನನ್ನು ದೂರುವವರು ಬಹಳ. ಸೋರಿದುದು ಅವರ ಉಸಿರೇ! ಗಾಳಿಕಂಡಿಗಳನ್ನು ಎಷ್ಟೇ ಚಳಿಯಿದ್ದರೂ ತೆರೆದಿಡುವುದೇ ಇದಕ್ಕೆ ಮದ್ದು.

ಬುತ್ತಿಯ ವಿಜ್ಞಾನ

ಬಾರಾಲಾಚಾ ಲಾದ ಆಚೆಗಿರುವ ಸರ್ಚು ಎಂಬ ಬಿಡಾರದ ಬಯಲು ಸುಮಾರು 4,300 ಮೀಟರು ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಬಿಸಿಯಾಗದು. ಹೆಚ್ಚಿನ ಉರಿಯೆಲ್ಲ ಆವಿಯಾಗಿ ಹೋಗುತ್ತದೆ. ತೊಗರಿಬೇಳೆ ಗಂಟೆಗಟ್ಟಲೆ ಕುದಿದರೂ ಕಲ್ಲಿನಂತಿರುತ್ತದೆ. ಪ್ರೆಷರ್ ಕುಕ್ಕರನ್ನು ಹೊರಬಹುದು. ಆದರೆ ಅದರ ತೂಕಕ್ಕೆ ಉತ್ತರ ಹೇಳಬೇಕು.

ಇದಕ್ಕಿಂತ ಜಾಣತನದ ಉತ್ತರ ನಮ್ಮ ಅಜ್ಜಿಯರ ಬುತ್ತಿಯಲ್ಲಿದೆ. ಅವಲಕ್ಕಿಯನ್ನು ಮಾಡುವಾಗ ಭತ್ತವನ್ನು ನೆನೆಸಿ, ಹುರಿದು, ಕುಟ್ಟುತ್ತಾರಷ್ಟೆ. ಪಿಷ್ಟವನ್ನು ಬೇಯಿಸುವ ಕೆಲಸ ಮನೆಯಲ್ಲಿಯೇ ಮುಗಿದಿರುತ್ತದೆ. ದಾರಿಯಲ್ಲಿ ಅದಕ್ಕೆ ಬೇಕಾದುದು ನೀರು ಮಾತ್ರ, ಕುದಿತವಲ್ಲ. ರಾಗಿಯನ್ನು ಅರಳಿಸಿ ಬೀಸಿದ ಹುರಿಹಿಟ್ಟಿನದೂ ಅದೇ ಗುಟ್ಟು. ಬಿಸಿನೀರಿಗೋ ಹಾಲಿಗೋ ಬೆಲ್ಲದೊಡನೆ ಕಲಸಿದರೆ ಅದೇ ಊಟ. ಲಡಾಖ್ ಮತ್ತು ಟಿಬೆಟ್ಟಿನ ಜನರು ತಲೆತಲಾಂತರದಿಂದ ಹುರಿದ ಬಾರ್ಲಿಯ ಹಿಟ್ಟನ್ನು ಚಹಾದಲ್ಲಿ ಕಲಸಿ ತಿನ್ನುವುದೂ ಇದೇ ಕಾರಣಕ್ಕೆ ಒಪ್ಪುತ್ತದೆ. ಸಾವಿರಾರು ಮೈಲಿಗಳ ಅಂತರದ ಎರಡು ನಾಡುಗಳ ಅಡುಗೆಮನೆಗಳು ಒಂದೇ ಉಪಾಯವನ್ನು ಕಂಡುಕೊಂಡಿವೆ! ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಕಡಲೆಕಾಯಿ, ಬೆಲ್ಲ ಇವು ತೂಕದಲ್ಲಿ ಕಡಮೆ, ಒಲೆಯ ಹಂಗಿನಲ್ಲಿಯೂ ಕಡಮೆ.

ಒಲೆಗೆ ಗ್ಯಾಸಿನ ಡಬ್ಬಿಯನ್ನು ಕೊಳ್ಳುವವರು ಅದರೊಳಗೇನಿದೆಯೆಂದು ಓದಿ ಕೊಳ್ಳಬೇಕು. ಸಾದಾ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಸಮುದ್ರಮಟ್ಟದಲ್ಲಿ ದ್ರವವಾಗಿಯೇ ಕುಳಿತುಬಿಡುತ್ತದೆ. ಎತ್ತರದಲ್ಲಿ ಒತ್ತಡ ಕಡಮೆಯಾದ್ದರಿಂದ ತುಸು ಅನುಕೂಲವಾದರೂ ಹಿಮಾಲಯದ ಮುಂಜಾನೆಗೆ ಅದು ಸಾಲದು. 42 ಡಿಗ್ರಿ ಶೈತ್ಯದಲ್ಲಿಯೂ ಕುದಿಯುವ ಪ್ರೊಪೇನ್ ಸೇರಿದ ಮಿಶ್ರಣವೇ ಅಲ್ಲಿಗೆ ತಕ್ಕುದು.

ಗುಡಾರದೊಳಗಿನ ವಿಷ

ಚಳಿಯಲ್ಲಿ ನಡುಗುವವನಿಗೆ ಒಲೆಯನ್ನು ಗುಡಾರದೊಳಗೆ ಉರಿಸುವ ಆಸೆ ಹುಟ್ಟುವುದು ಸಹಜ. ಹಾಗೆ ಮಾಡಿ ಮಲಗಿದವರು ಮತ್ತೆ ಏಳದೆ ಹೋದ ಪ್ರಸಂಗಗಳು ಅನೇಕವಿವೆ. ಸಾಕಷ್ಟು ಗಾಳಿಯಿಲ್ಲದೆ ಉರಿಯುವ ಒಲೆಯೂ ಇದ್ದಿಲ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವನ್ನು ಹೊರಸೂಸುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮಿಸುವ ಗುಣವೂ ಇಲ್ಲ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಈ ವಿಷವನ್ನು ಅಪ್ಪಿಕೊಳ್ಳುವುದರಿಂದ ಆಮ್ಲಜನಕಕ್ಕೆ ರಕ್ತದಲ್ಲಿ ಎಡೆಯೇ ಇಲ್ಲದಂತಾಗುತ್ತದೆ. ಮೊದಲು ತಲೆನೋವು, ಮಂಪರು. ಬಳಿಕ ಎಚ್ಚರವಿಲ್ಲದ ನಿದ್ರೆ. ಎತ್ತರದ ಪ್ರದೇಶದಲ್ಲಿ ಆಮ್ಲಜನಕ ಮೊದಲೇ ಕಡಮೆಯಾದುದರಿಂದ ಅಪಾಯ ಇಮ್ಮಡಿ. ಅಲ್ಲದೆ ಆ ತಲೆನೋವನ್ನು ಎತ್ತರದ ತಲೆನೋವೆಂದೇ ತಿಳಿದು ಸುಮ್ಮನಿರುವ ಸಂಭವವೂ ಉಂಟು. ಒಲೆ ಗುಡಾರದ ಹೊರಗೆ. ಈ ನಿಯಮಕ್ಕೆ ಅಪವಾದವಿಲ್ಲ. ಮಲಗುವ ಮುನ್ನ ಗಟ್ಟಿಮುಚ್ಚಳದ ಬಾಟಲಿಯಲ್ಲಿ ಬಿಸಿನೀರನ್ನು ತುಂಬಿ, ಬಟ್ಟೆ ಸುತ್ತಿ ಕಾಲಬಳಿ ಇಟ್ಟುಕೊಂಡರೆ ಬೇಕಾದ ಬೆಚ್ಚನೆ ದೊರೆಯುತ್ತದೆ.

ಎಲ್ಲಿ ಮಲಗಬೇಕು?

ಗುಡಾರವನ್ನು ಹೊತ್ತವನಿಗೆ ದೊರೆಯುವ ನಿಜವಾದ ಲಾಭವನ್ನು ಈಗ ಹೇಳಬೇಕು. ಅದು ಹಣದ ಉಳಿತಾಯವಲ್ಲ. ತೆಳುಗಾಳಿಗೆ ಮನುಷ್ಯನ ದೇಹ ಒಂದೇ ದಿನದಲ್ಲಿ ಒಗ್ಗಲಾರದು. 3,000 ಮೀಟರು ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಯೊಂದಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರುನಾಲ್ಕು ದಿನಗಳಿಗೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ದಿನ ತಂಗಬೇಕು ಎಂಬುದು ವೈದ್ಯರ ಸಾಮಾನ್ಯ ಸೂಚನೆ. ಹಗಲು ಎಷ್ಟು ಎತ್ತರಕ್ಕೆ ಏರಿದೆವೆಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದೆವೆಂಬುದು ಮುಖ್ಯ.

ಮನಾಲಿಯಿಂದ ಹೊರಟವರು ಸಾಮಾನ್ಯವಾಗಿ ಮೊದಲ ರಾತ್ರಿ 3,200 ಮೀಟರಿನ ಆಸುಪಾಸಿನ ಜಿಸ್ಪಾದಲ್ಲಿ ತಂಗಿ, ಮರುದಿನವೇ ಸರ್ಚುವನ್ನು ಸೇರುತ್ತಾರೆ. ಒಂದೇ ರಾತ್ರಿಗೆ ಸಾವಿರ ಮೀಟರಿಗೂ ಮಿಗಿಲಾದ ಜಿಗಿತ! ಸರ್ಚುವಿನಲ್ಲಿ ರಾತ್ರಿಯೆಲ್ಲ ತಲೆನೋವು, ವಾಕರಿಕೆ, ನಿದ್ರಾಭಂಗಗಳಿಂದ ನರಳುವವರು ಇಷ್ಟು ಜನರಿರುವುದು ಆಶ್ಚರ್ಯವಲ್ಲ. ತನ್ನ ಮನೆಯನ್ನು ತಾನೇ ಹೊತ್ತವನು ಹೋಟೆಲಿರುವ ಊರಿಗೆ ಬದ್ಧನಲ್ಲ. ಜಿಸ್ಪಾದಲ್ಲಿ ಎರಡು ರಾತ್ರಿ ಕಳೆದು, ಮುಂದೆ ಸುಮಾರು 3,800 ಮೀಟರು ಎತ್ತರದಲ್ಲಿರುವ ಪಟ್ಸಿಯೋ ಪ್ರದೇಶದಲ್ಲಿ, ಅನುಮತಿಯಿರುವ ಜಾಗವನ್ನು ವಿಚಾರಿಸಿ ಒಂದು ರಾತ್ರಿ ತಂಗಿದರೆ ಆ ದೊಡ್ಡ ಜಿಗಿತ ಎರಡು ಮೆಟ್ಟಿಲಾಗುತ್ತದೆ. ಇಲ್ಲವೇ ಶ್ರೀನಗರದ ಕಡೆಯಿಂದ ನಿಧಾನವಾಗಿ ಏರುವ ದಾರಿಯಲ್ಲಿ ಲೇಹ್ ಸೇರಿ, ಮನಾಲಿಯ ದಾರಿಯಲ್ಲಿ ಇಳಿಯಬಹುದು. ಶ್ರೀನಗರದ ದಾರಿಯ ಅತಿ ಎತ್ತರದ ಘಟ್ಟವಾದ ಫೋತು ಲಾ ಕೂಡ 4,108 ಮೀಟರಿಗಿಂತ ಹೆಚ್ಚಿಲ್ಲ.

ಕುಡಿದವನಂತೆ ಹೆಜ್ಜೆ ತಪ್ಪುವುದು, ಮಾತು ತೊದಲುವುದು, ಸುಮ್ಮನೆ ಕುಳಿತಾಗಲೂ ಏದುಸಿರು ಬರುವುದು ಇವು ಮೆದುಳಿಗೋ ಶ್ವಾಸಕೋಶಕ್ಕೋ ನೀರು ಸೇರುತ್ತಿರುವುದರ ಸೂಚನೆಗಳು. ಆಗ ಬೆಳಗಾಗಲೆಂದು ಕಾಯತಕ್ಕದ್ದಲ್ಲ. ಕೂಡಲೇ ಕೆಳಕ್ಕೆ ಇಳಿಸತಕ್ಕದ್ದು. ಅಂಥವನು ತಾನೇ ವಾಹನ ನಡೆಸಲಾರ. ಆದುದರಿಂದ ಈ ದಾರಿಯಲ್ಲಿ ಒಬ್ಬಂಟಿಯಾಗಿ ಹೋಗದಿರುವುದೂ ಸಿದ್ಧತೆಯ ಒಂದು ಅಂಗ. ಎತ್ತರಕ್ಕೆಂದು ಕೊಡುವ ಮಾತ್ರೆಗಳ ವಿಷಯವನ್ನು ಹೊರಡುವ ಮೊದಲೇ ವೈದ್ಯರೊಡನೆ ಮಾತಾಡಿಕೊಳ್ಳಬೇಕು.

ಮೂರು ರಾಶಿ

ಇಷ್ಟೆಲ್ಲ ಸಿದ್ಧತೆಯನ್ನು ಪರೀಕ್ಷಿಸುವ ಬಗೆ ಹೇಗೆ? ಹೊರಡುವುದಕ್ಕೆ ಎರಡು ಮೂರು ವಾರ ಮೊದಲು ಎಲ್ಲವನ್ನೂ ಕಟ್ಟಿಕೊಂಡು ಐವತ್ತು ಕಿಲೋಮೀಟರು ಸುತ್ತಿ ಬಂದು, ಪರಿಚಿತರ ತೋಟದಲ್ಲಿಯೋ ಮನೆಯ ಅಂಗಳದಲ್ಲಿಯೋ ಗುಡಾರ ಹೂಡಿ ಒಂದು ರಾತ್ರಿ ಮಲಗುವುದೇ ಉತ್ತಮವಾದ ಪರೀಕ್ಷೆ. ಒಲೆಯ ಬಾಯಿ ಕಟ್ಟಿರುವುದು, ಗುಡಾರದ ಗೂಟ ಕಾಣೆಯಾಗಿರುವುದು, ಪಟ್ಟಿ ಸವೆದಿರುವುದು ಇವು ಊರಿನಲ್ಲಿಯೇ ತಿಳಿದರೆ ಅದು ಬರಿಯ ಕೆಲಸ. ಸರ್ಚುವಿನಲ್ಲಿ ತಿಳಿದರೆ ಸಂಕಟ. ಹಿಂದಿರುಗಿದ ಮೇಲೆ ಸಾಮಾನನ್ನೆಲ್ಲ ಮೂರು ರಾಶಿ ಮಾಡಬೇಕು. ಬಳಸಿದುದು ಒಂದು. ಬಳಸದಿದ್ದರೂ ಬಿಡಲಾಗದುದು ಎರಡನೆಯದು. ಔಷಧಿ, ಪಂಚರ್ ತಿದ್ದುವ ಸಲಕರಣೆ, ಕ್ಲಚ್ಚಿನ ಹೆಚ್ಚಿನ ತಂತಿ, ಮಳೆಯಂಗಿ ಇವು ಇದಕ್ಕೆ ಸೇರಿದುವು. ಇರಲಿ, ಬೇಕಾದೀತು ಎಂದು ತೆಗೆದುಕೊಂಡುದು ಮೂರನೆಯದು. ಈ ಮೂರನೆಯ ರಾಶಿಯೇ ಸಾಮಾನ್ಯವಾಗಿ ದೊಡ್ಡದು. ಅದು ಮನೆಯಲ್ಲಿಯೇ ಉಳಿಯತಕ್ಕದ್ದು.

ಸವಾರನು ಒಯ್ಯಬೇಕಾದ ವಸ್ತುಗಳಲ್ಲೆಲ್ಲ ಬೆಲೆಯುಳ್ಳದ್ದು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ, ಅದು ಮಿಗಿತ. ಎಂಜಿನ್ನಿನಲ್ಲಿ ಉಳಿದಿರುವ ಶಕ್ತಿ, ಟಯರಿನಲ್ಲಿ ಉಳಿದಿರುವ ಹಿಡಿತ, ಟ್ಯಾಂಕಿನಲ್ಲಿ ಉಳಿದಿರುವ ಪೆಟ್ರೋಲು, ಮೈಯಲ್ಲಿ ಉಳಿದಿರುವ ಕಸುವು, ದಿನಗಳ ಲೆಕ್ಕದಲ್ಲಿ ಉಳಿದಿರುವ ಒಂದು ದಿನ ಇವೆಲ್ಲವೂ ಸೇರಿ ಆ ಮಿಗಿತವಾಗುತ್ತದೆ. ಅನಾವಶ್ಯಕವಾದ ಪ್ರತಿಯೊಂದು ಗಂಟೂ ಇದರಿಂದ ಸ್ವಲ್ಪಸ್ವಲ್ಪವನ್ನೇ ಕಿತ್ತುಕೊಳ್ಳುತ್ತದೆ. ಹಗುರವಾಗಿ, ಸಮತೂಕವಾಗಿ ಹೊರಟವನು ಘಟ್ಟದ ಬುಡದಲ್ಲಿ ಮೋಡ ಕವಿದಾಗ ನಿಲ್ಲಬಲ್ಲ, ಮೈ ಸರಿಯಿಲ್ಲದಾಗ ಇಳಿಯಬಲ್ಲ, ದಾರಿ ಕುಸಿದಾಗ ಹಿಂದಿರುಗಬಲ್ಲ. ಹಿಂದಿರುಗಬಲ್ಲವನಿಗೆ ಆ ಘಟ್ಟ ಮುಂದಿನ ವರ್ಷವೂ ಅಲ್ಲಿಯೇ ಕಾದಿರುತ್ತದೆ.